ವಾಹನ ಚಾಲನೆಯ ಅನುಕರಣ ಯಂತ್ರ: ಅದರಲ್ಲಿ ಸತ್ಯವೆಷ್ಟು?

ನಮ್ಮ ತಂದೆಯವರು ಲಾರಿ ಚಾಲಕರು. ನಾಲ್ಕನೆಯ ತರಗತಿಯವರೆಗೆ ಓದಿದವರು. ಇಪ್ಪತ್ತೆರಡು ವರ್ಷಗಳಿಂದ ಹಾಸನದಿಂದ ಶಿರಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಸರಕು ಸಾಗಿಸುತ್ತಿರುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಈ ಮೂರು ವರ್ಷ ನಾನು ಕಟ್ಟಿದ ಶುಲ್ಕವೆಲ್ಲವೂ ಘಟ್ಟದ ಟ್ರಿಪ್ಪಿನ ಭತ್ಯೆಯಿಂದಲೇ ಬಂದದ್ದು.

ಹೋದ ಬೇಸಗೆಯಲ್ಲಿ ಅವರು ಕೆಲಸ ಮಾಡುವ ಸಾಗಣೆ ಕಂಪೆನಿಯವರು ತಮ್ಮ ಚಾಲಕರನ್ನೆಲ್ಲ ಒಂದು ತರಬೇತಿ ಕೇಂದ್ರಕ್ಕೆ ಕಳುಹಿಸಿ, ಡ್ರೈವಿಂಗ್ ಸಿಮ್ಯುಲೇಟರ್ ಎಂಬ ಯಂತ್ರದ ಮುಂದೆ ಹತ್ತು ಹತ್ತು ನಿಮಿಷ ಕೂರಿಸಿ ಪರೀಕ್ಷೆ ಮಾಡಿಸಿದರು. ಒಂದು ಆಸನ, ಒಂದು ಸ್ಟೀರಿಂಗು, ಮೂರು ಪರದೆ, ಪರದೆಯ ಮೇಲೆ ಓಡುವ ರಸ್ತೆ. ತಂದೆಯವರಿಗೆ 100ಕ್ಕೆ 41 ಅಂಕ ಬಂದಿತು. ಕಾಗದದಲ್ಲಿ ಮೂರು ದೋಷಗಳನ್ನು ಬರೆದಿದ್ದರು: ವೇಗ ಹೆಚ್ಚು, ಬ್ರೇಕನ್ನು ತಡವಾಗಿ, ಜೋರಾಗಿ ಒತ್ತುತ್ತಾರೆ, ಎಡಗನ್ನಡಿಯನ್ನು ನೋಡುವುದಿಲ್ಲ. ಮತ್ತೊಮ್ಮೆ ಪರೀಕ್ಷೆ ಇದೆಯೆಂದೂ, ಅದರಲ್ಲಿಯೂ ಹೀಗೆಯೇ ಆದರೆ ಘಟ್ಟದ ಲೈನು ಬೇರೆಯವರಿಗೆ ಹೋಗುವುದೆಂದೂ ತಿಳಿಸಿದರು. ಆ ದಿನ ಮನೆಗೆ ಬಂದ ತಂದೆಯವರು ಊಟ ಬೇಡವೆಂದರು. "ತಲೆ ತಿರುಗ್ತಾ ಐತೆ ಕಣೋ, ವಾಂತಿ ಬಂದಂಗಾಗ್ತದೆ. ಅದರಾಗೆ ಗಾಡಿ ಭಾರವೇ ಗೊತ್ತಾಗಲ್ಲ" ಎಂದಷ್ಟೇ ಹೇಳಿ ಮಲಗಿಬಿಟ್ಟರು.

ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಆ ರಾತ್ರಿ ಒಂದು ಪ್ರಶ್ನೆ ಕಾಡತೊಡಗಿತು. ತಪ್ಪಿರುವುದು ತಂದೆಯವರಲ್ಲಿಯೋ, ಯಂತ್ರದಲ್ಲಿಯೋ? ಅದನ್ನು ಹಿಡಿದು ಓದಿದುದರಲ್ಲಿ ನನ್ನ ಅಲ್ಪಮತಿಗೆ ನಿಲುಕಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಈ ಯಂತ್ರದ ಹಿರಿಯಣ್ಣನು ಹುಟ್ಟಿದ್ದು ವಿಮಾನಕ್ಕಾಗಿ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ಮಾಡಿದನು. ರಸ್ತೆಯ ಸಂಶೋಧಕರಿಗೆ ಇಂಥದು ಬೇಕಾದದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಕುಡಿದವನನ್ನೋ ನಿದ್ದೆಗೆಟ್ಟವನನ್ನೋ ಹೆದ್ದಾರಿಗೆ ಬಿಟ್ಟು ಏನಾಗುತ್ತದೆಂದು ನೋಡುವಂತಿಲ್ಲ. ಮೂವತ್ತು ಮಂದಿ ಚಾಲಕರ ಮುಂದೆ ಅದೇ ತಿರುವಿನಲ್ಲಿ, ಅದೇ ಕ್ಷಣಕ್ಕೆ ಮಗುವೊಂದನ್ನು ಅಡ್ಡ ಓಡಿಸುವಂತೆಯೂ ಇಲ್ಲ. ಪರದೆಯ ಮೇಲೆ ಇವೆರಡೂ ಸಾಧ್ಯ, ಯಾರಿಗೂ ಪೆಟ್ಟಾಗದು. ಆದರೆ ಪೆಟ್ಟಾಗದೆಂಬುದು ಚಾಲಕನಿಗೂ ಗೊತ್ತಷ್ಟೆ! ಯಂತ್ರದ ಮೊದಲನೆಯ ದುರ್ಬಲತೆ ಅಲ್ಲಿಯೇ ಇದೆ.

'ನೈಜ'ವೆಂಬ ಮಾತಿಗೆ ಇಲ್ಲಿ ಎರಡು ಅರ್ಥಗಳುಂಟು. ಯಂತ್ರವು ನಿಜವಾದ ಗಾಡಿಯನ್ನೂ ರಸ್ತೆಯನ್ನೂ ಎಷ್ಟು ಹೋಲುತ್ತದೆ ಎಂಬುದು ಒಂದು. ಇದನ್ನು ತದ್ರೂಪತೆ ಎನ್ನೋಣ. ಅದರೊಳಗೆ ಕುಳಿತವನು ರಸ್ತೆಯಲ್ಲಿ ನಡೆದುಕೊಳ್ಳುವಂತೆಯೇ ನಡೆದುಕೊಳ್ಳುತ್ತಾನೆಯೇ ಎಂಬುದು ಇನ್ನೊಂದು. ಇದನ್ನು ಪ್ರಾಮಾಣ್ಯ ಎನ್ನಬಹುದು. ಯಕ್ಷಗಾನದ ರಂಗಸ್ಥಳದಲ್ಲಿ ಒಂದು ಗಿಡವೂ ಇರುವುದಿಲ್ಲ, ಆದರೂ ನಮಗೆ ಕಾಡು ಕಾಣುತ್ತದೆ. ಹುಲಿ ಬಂದಿತೆಂದು ಎದ್ದು ಓಡುವವರು ಮಾತ್ರ ಯಾರೂ ಇಲ್ಲ. ಹಾಗೆಯೇ ತದ್ರೂಪತೆ ಕಡಿಮೆಯಿದ್ದೂ ಕೆಲವು ನಡತೆಗಳು ನಿಜವಾಗಿ ಹೊರಬರಬಹುದು. ತದ್ರೂಪತೆ ಬಹಳವಿದ್ದೂ ಕೆಲವು ಬಾರದಿರಬಹುದು.

ತದ್ರೂಪತೆಗಾಗಿ ಪಟ್ಟಿರುವ ಪಾಡು ಅಪಾರ. ಗಾಡಿ ಓಡುವುದು, ನಿಲ್ಲುವುದು ನಮಗೆ ಕಣ್ಣಿನಿಂದ ಮಾತ್ರ ತಿಳಿಯುವುದಿಲ್ಲ. ಒಳಗಿವಿಯಲ್ಲಿರುವ ಅಂಗವೂ ತಿಳಿಸುತ್ತದೆ. ಆದುದರಿಂದ ದೊಡ್ಡ ಯಂತ್ರಗಳಲ್ಲಿ ಬ್ರೇಕು ಒತ್ತಿದಾಗ ಆಸನವನ್ನು ಮೆಲ್ಲಗೆ ಮುಂದಕ್ಕೆ ಬಾಗಿಸುತ್ತಾರೆ. ಭೂಮಿಯ ಸೆಳೆತವೇ ಬ್ರೇಕಿನ ತಳ್ಳಾಟದಂತೆ ಮೈಗೆ ತೋರುತ್ತದೆ. ಬಾಗಿದ್ದು ತಿಳಿಯದಷ್ಟು ನಿಧಾನವಾಗಿ ಬಾಗಿಸಬೇಕು, ಅದೇ ಅದರ ಕೌಶಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಇಡೀ ಕಾರನ್ನೇ ಒಂದು ಗುಮ್ಮಟದೊಳಗಿಟ್ಟು, ಆ ಗುಮ್ಮಟವನ್ನು ಉದ್ದಕ್ಕೂ ಅಡ್ಡಕ್ಕೂ ಸುಮಾರು 20 ಮೀಟರ್ ಓಡಾಡಿಸುವ ಏರ್ಪಾಡನ್ನು ಮಾಡಿದರು. ನಮ್ಮ ತಂದೆಯವರು ಕುಳಿತ ಆಸನ ಅಲುಗಾಡಲೇ ಇಲ್ಲ. ಕಣ್ಣು 'ಓಡುತ್ತಿದ್ದೇನೆ' ಎನ್ನುವಾಗ ಒಳಗಿವಿ 'ನಿಂತಿದ್ದೇನೆ' ಎಂದರೆ ಹೊಟ್ಟೆ ತೊಳಸುವುದು ಸಹಜ. ಈ ವ್ಯಾಧಿಯನ್ನು ಅಳೆಯಲು 16 ಲಕ್ಷಣಗಳ ಒಂದು ಪ್ರಶ್ನಾವಳಿ 1993ರಿಂದಲೇ ಬಳಕೆಯಲ್ಲಿದೆ. ತಂದೆಯವರನ್ನು ಆ ಪ್ರಶ್ನೆಗಳಲ್ಲಿ ಒಂದನ್ನಾದರೂ ಯಾರೂ ಕೇಳಲಿಲ್ಲ.

ಇನ್ನು ಪ್ರಾಮಾಣ್ಯದ ಮಾತು. ಇದನ್ನು ಅಳೆಯುವ ದಾರಿ ನೇರವಾದುದು: ರಸ್ತೆಯಲ್ಲೊಮ್ಮೆ, ಯಂತ್ರದಲ್ಲೊಮ್ಮೆ ಓಡಿಸಿ ಹೋಲಿಸಬೇಕು. ನೆದರ್ಲೆಂಡ್ಸಿನ ಬ್ಲಾವ್ ಎಂಬವರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮಾಡಿ, ಎರಡು ಬಗೆಯ ಪ್ರಾಮಾಣ್ಯವನ್ನು ಬೇರೆ ಮಾಡಿ ತೋರಿಸಿದರು. ಯಂತ್ರದಲ್ಲಿ ಬಂದ ಅಂಕಿಯೇ ರಸ್ತೆಯಲ್ಲಿಯೂ ಬಂದರೆ ಅದು ನಿರಪೇಕ್ಷ ಪ್ರಾಮಾಣ್ಯ. ಅಂಕಿ ಬೇರೆಯಾದರೂ ಹೆಚ್ಚು ಕಡಿಮೆಗಳು ಒಂದೇ ದಿಕ್ಕಿನಲ್ಲಿದ್ದರೆ ಅದು ಸಾಪೇಕ್ಷ ಪ್ರಾಮಾಣ್ಯ. ನಮ್ಮ ಮನೆಯ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದು. ಅದನ್ನು ನಂಬಿ ಬಸ್ಸಿಗೆ ಹೊರಡುವಂತಿಲ್ಲ. ಆದರೆ ಅನ್ನ ಬೇಯಲು ಎಷ್ಟು ಹೊತ್ತಾಯಿತೆಂದು ಅದು ಸರಿಯಾಗಿಯೇ ಹೇಳುತ್ತದೆ. ಬ್ಲಾವ್ ಅವರ ಯಂತ್ರದಲ್ಲಿ ವೇಗದ ಹತೋಟಿಗೆ ಎರಡೂ ಬಗೆಯ ಪ್ರಾಮಾಣ್ಯ ದೊರೆಯಿತು. ಗಾಡಿಯನ್ನು ನೇರವಾಗಿ ಹಿಡಿಯುವುದಕ್ಕೆ ಸಾಪೇಕ್ಷವಷ್ಟೇ. ಅಲುಗದ ಯಂತ್ರದಲ್ಲಿ ಪಕ್ಕಕ್ಕೆ ಸರಿದುದು ಮೈಗೆ ತಿಳಿಯದಿದ್ದುದೇ ಅದಕ್ಕೆ ಕಾರಣವೆಂದು ಅವರ ಅಭಿಪ್ರಾಯ.

ಆ ಮೇಲಿನ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಬಹಳ ಬೆಳಕು ಸಿಕ್ಕಿತು. ಸ್ವೀಡನ್ನಿನ ಟೋರ್ನ್‌ರೋಸ್ ಅವರು ಒಂದು ನಿಜವಾದ ಸುರಂಗವನ್ನೂ ಯಂತ್ರದೊಳಗಿನ ಅದರ ಪ್ರತಿಕೃತಿಯನ್ನೂ ಹೋಲಿಸಿ 1998ರಲ್ಲಿ ಬರೆದರು: ಜನ ಯಂತ್ರದಲ್ಲಿ ಹೆಚ್ಚು ವೇಗವಾಗಿ ಓಡಿಸಿದರು. ಆಸ್ಟ್ರೇಲಿಯದ ಗಾಡ್ಲಿ ಮತ್ತು ಸಂಗಡಿಗರು ರಸ್ತೆಗೆ ಅಡ್ಡವಾಗಿ ಹಾಕುವ ಸಣ್ಣ ಉಬ್ಬುಪಟ್ಟಿಗಳ ಪರಿಣಾಮವನ್ನು ಪರೀಕ್ಷಿಸಿ 2002ರಲ್ಲಿ ಬರೆದರು: ಜನ ನಿಜವಾದ ಕಾರಿನಲ್ಲಿಯೇ ಹೆಚ್ಚು ವೇಗವಾಗಿ ಓಡಿಸಿದರು. ಒಂದಕ್ಕೊಂದು ತದ್ವಿರುದ್ಧ! ಆದರೂ ಎರಡೂ ಕಡೆ ಸಾಪೇಕ್ಷ ಪ್ರಾಮಾಣ್ಯ ಚೆನ್ನಾಗಿತ್ತು. ಉಬ್ಬುಪಟ್ಟಿ ಕಂಡಲ್ಲಿ ರಸ್ತೆಯಲ್ಲಿಯೂ ಯಂತ್ರದಲ್ಲಿಯೂ ವೇಗ ಇಳಿಯಿತು. ಎಂದ ಮೇಲೆ 'ಯಂತ್ರದ ಅಂಕಿಯಲ್ಲಿ ಇಷ್ಟು ಕಳೆದರೆ ರಸ್ತೆಯ ಅಂಕಿ' ಎಂಬ ಸುಲಭದ ಲೆಕ್ಕ ಇಲ್ಲವೇ ಇಲ್ಲ. ಒಂದೊಂದು ಯಂತ್ರವನ್ನೂ ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ರಸ್ತೆಯೊಡನೆ ಹೋಲಿಸಿ ನೋಡಿದ ಮೇಲೆಯೇ ಅದರ ಮಾತನ್ನು ಕೇಳಬೇಕು.

ಈಗ ತಂದೆಯವರ ಮೂರು ದೋಷಗಳಿಗೆ ಬರೋಣ. ವೇಗದ ದೋಷವನ್ನು ಹೀಗೆ ಹೋಲಿಸಿ ನೋಡದ ಯಂತ್ರದ ಮಾತಿನಿಂದ ಸಾಧಿಸಲಾಗದು. ಬ್ರೇಕಿನದೂ ಹಾಗೆಯೇ, ಹೊರೆ ಹೊತ್ತ ಲಾರಿಯಲ್ಲಿ ಇಳಿಜಾರಿನಲ್ಲಿ ತಗ್ಗಿನ ಗೇರು ಹಾಕಿ, ಭಾರ ಬೆನ್ನಿಗೆ ಒತ್ತುವುದನ್ನು ಅರಿತು ಕಾಲಿಡುವವರು ಅವರು. ಭಾರವೇ ಇಲ್ಲದ ಪೆಡಲಿನ ಮೇಲೆ ಆ ಕಾಲು ಏನು ಮಾಡಬೇಕು?

ಎಡಗನ್ನಡಿಯ ವಿಷಯ ಮಾತ್ರ ನನ್ನನ್ನು ಬಿಡಲಿಲ್ಲ. ದಸರಾ ರಜೆಯಲ್ಲಿ ನಾನೇ ಲಾರಿಯಲ್ಲಿ ಕುಳಿತೆ. ದೋಣಿಗಾಲಿನಿಂದ ಗುಂಡ್ಯದವರೆಗಿನ ಇಳಿಜಾರಿನಲ್ಲಿ ತಂದೆಯವರು ಎಡಗನ್ನಡಿ ನೋಡಿದ್ದನ್ನು ಎಣಿಸಿದೆ. 9 ಸಲ. ಯಂತ್ರ ಹೇಳಿದ್ದು ಸುಳ್ಳಲ್ಲ! ಆದರೆ ಅವರ ಎಡಗಡೆ ಕ್ಲೀನರ್ ಕುಳಿತಿದ್ದ. ಕಿಟಕಿಯಿಂದ ತಲೆ ಹೊರಹಾಕಿ "ರೈಟ್, ರೈಟ್... ಬೈಕ್ ಐತಣ್ಣ, ಓಲ್ಡಾನ್" ಎನ್ನುತ್ತಲೇ ಇದ್ದ. ಇಪ್ಪತ್ತೆರಡು ವರ್ಷ ತಂದೆಯವರ ಎಡಗಣ್ಣಾಗಿದ್ದದ್ದು ಒಬ್ಬರಲ್ಲ ಒಬ್ಬ ಕ್ಲೀನರ್. ಯಂತ್ರದಲ್ಲಿ ಎಡಗನ್ನಡಿಯನ್ನು ಬಹು ಚೆನ್ನಾಗಿ ಚಿತ್ರಿಸಿದ್ದರಂತೆ. ಕ್ಲೀನರನನ್ನು ಚಿತ್ರಿಸುವುದು ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ವಾರ ಕ್ಲೀನರ್ ಊರಿನ ಜಾತ್ರೆಗೆ ಹೋದ. ನಾವಿಬ್ಬರೇ ಹೊರಟೆವು. ಅದೇ ಇಳಿಜಾರಿನಲ್ಲಿ ಈ ಸಲ 31. ಗೆದ್ದೆನೆಂದು ಹಿಗ್ಗಿದೆ, ಆದರೆ ನನ್ನ ಟಿಪ್ಪಣಿಯನ್ನು ತಿರುಗಿ ನೋಡಿದಾಗ ಮೊದಲ ಕೆಲವು ಮೈಲಿಗಳಲ್ಲಿ 2 ಗೀಟು ಮಾತ್ರ ಇದ್ದವು. ಆಮೇಲೆ ಎಡಗಡೆಯಿಂದ ನುಸುಳಿದ ಒಂದು ಬೈಕು ಹಾರನ್ ಹೊಡೆದು, ತಂದೆಯವರು ಬೆಚ್ಚಿ ಸ್ಟೀರಿಂಗನ್ನು ಬಲಕ್ಕೆಳೆದ ಮೇಲೆಯೇ ಉಳಿದ 29 ಬಂದದ್ದು. ಆ ಬೈಕಿನಲ್ಲಿ ಮುಂದೆ ಒಂದು ಮಗು ಕುಳಿತಿತ್ತು. ಗುಂಡ್ಯದಲ್ಲಿ ಚಹಾ ಕುಡಿಯುವಾಗ ತಂದೆಯವರು ತಾವಾಗಿಯೇ, "ಆ ಮಿಸೀನು ಅದೊಂದು ನಿಜಾನೇ ಹೇಳೈತೆ ಕಣೋ" ಎಂದರು.

ನನ್ನ ಎಣಿಕೆಯಲ್ಲಿಯೂ ದೋಷವುಂಟು. ಮಗ ಪಕ್ಕದಲ್ಲಿ ಕುಳಿತು ಗೀಟು ಹಾಕುತ್ತಿರುವುದು ಅವರಿಗೆ ಕಾಣುತ್ತಿತ್ತು. ಎರಡೇ ಟ್ರಿಪ್ಪು, ಒಬ್ಬರೇ ಚಾಲಕರು. ಇದನ್ನು ಪ್ರಯೋಗವೆಂದು ಕರೆಯಲು ನನಗೇ ಸಂಕೋಚ. ಆದರೂ ಯಂತ್ರದ ಒಂದು ಮಾತು ಹೇಗೆ ಏಕಕಾಲಕ್ಕೆ ತಪ್ಪೂ ಸರಿಯೂ ಆಗಬಲ್ಲದೆಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ನನಗೆ ಕಲಿಸಿದ್ದು ಆ ಇಳಿಜಾರೇ. 'ಇವರು ಎಡಗಡೆಯನ್ನು ಗಮನಿಸದ ಚಾಲಕರು' ಎಂದದ್ದು ತಪ್ಪು. 'ಇವರನ್ನು ಒಬ್ಬರೇ ಕೂರಿಸಿದರೆ ಎಡಗಡೆ ಬರಿದಾಗುತ್ತದೆ' ಎಂದಿದ್ದರೆ ಸರಿ. ಅದನ್ನು ಪತ್ತೆ ಮಾಡುವ ಶಕ್ತಿ ಆ ಯಂತ್ರಕ್ಕೆ ಇತ್ತು. ಕ್ಲೀನರನ ಸಂಬಳವನ್ನು ಉಳಿಸಬೇಕೆನ್ನುವ ಮಾಲೀಕರು ಇದನ್ನು ಮೊದಲು ಓದಬೇಕು.

ಕಂಪೆನಿಯವರಿಗೆ ತಂದೆಯವರ ಹೆಸರಿನಲ್ಲಿ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ: ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಅಭ್ಯಾಸಕ್ಕೆ ಬಿಡಬೇಕು, ತಲೆ ತಿರುಗಿದರೆ ನಿಲ್ಲಿಸಬೇಕು, ವೇಗದ ಅಂಕವನ್ನು ರಸ್ತೆಯಲ್ಲಿ ಮೇಲ್ವಿಚಾರಕರೊಬ್ಬರು ಜೊತೆಗೆ ಕುಳಿತು ನೋಡಿ ಕೊಡಬೇಕು ಎಂದು. ಮೊದಲನೆಯದಕ್ಕೆ ಒಪ್ಪಿದ್ದಾರೆ. ತಂದೆಯವರು ಈಗ ಕ್ಲೀನರ್ ಇದ್ದಾಗಲೂ ಎಡಗನ್ನಡಿ ನೋಡುತ್ತಾರೆ, "ನನ್ ಮೇಲೆ ನಂಬಿಕೆ ಹೋಯ್ತಾ ಅಣ್ಣ?" ಎಂದು ಆ ಹುಡುಗ ಕೇಳಿದನಂತೆ. ಪರೀಕ್ಷೆ ಬರುವ ತಿಂಗಳು.