ಎಲ್ಲರಿಗೂ ಒಂದೇ ಪಂಕ್ತಿ

ವಾಚನ: ರೋಮನರಿಗೆ 14:13-21

ರೋಮಿನ ಆದಿ ಕ್ರೈಸ್ತರಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು. ಕೆಲವರು ಕಾಯಿಪಲ್ಲೆ ಮಾತ್ರ. ಇದರಿಂದ ಪರಸ್ಪರ ತಾತ್ಸಾರ ಹುಟ್ಟಿತ್ತು. ನಮ್ಮ ಊಟದಿಂದ ಸಹೋದರನ ಮನಸ್ಸು ನೋಯಬಾರದೆಂದು ಸಂತ ಪೌಲರು ಅವರಿಗೆ ಕಲಿಸಿದರು.

ನಮ್ಮ ಹಬ್ಬದೂಟಗಳನ್ನೇ ನೋಡಿ. ಮಾಂಸ ತಿನ್ನದ ನೆಂಟರೂ ನೆರೆಯವರೂ ಬರುತ್ತಾರೆ. ಅವರ ಪಾಲಿಗೆ ಉಳಿಯುವುದು ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಕರೆದದ್ದು ನಿಜ, ಆದರೆ ಪಂಕ್ತಿಯಲ್ಲಿ ಸೇರಿಸಿಕೊಂಡೆವೇ? ಮುಂದಿನ ಸಲ ಎಲ್ಲರೂ ಉಣ್ಣಬಹುದಾದ ಈ ಕಾಳಿನ ಸಾರನ್ನು ಮಾಡಿ.

10 ಮಂದಿಗೆ ಅರ್ಧ ಕಿಲೋ ಕೆಂಪು ರಾಜ್ಮಾ ಸಾಕು. ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ. ಹೊಸ ನೀರಿನಲ್ಲಿ ಮೊದಲು 10 ನಿಮಿಷವಾದರೂ ಕೊತಕೊತ ಕುದಿಸಿ. ಅರೆಬೆಂದ ರಾಜ್ಮಾ ತಿಂದರೆ ವಾಂತಿ-ಭೇದಿಯಾದೀತು. ಅನಂತರ ಮೆತ್ತಗಾಗುವವರೆಗೆ ಬೇಯಿಸಿ. ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ಕೊತ್ತಂಬರಿ, ಮೆಣಸಿನ ಪುಡಿಗಳನ್ನೂ ಟೊಮೇಟೊವನ್ನೂ ಹಾಕಿ. ಬೆಂದ ಕಾಳು, ಉಪ್ಪು ಸೇರಿಸಿ ಕುದಿಸಿ. ಟೊಮೇಟೊವನ್ನು ಹಸಿ ಕಾಳಿನೊಂದಿಗೆ ಹಾಕಬೇಡಿ. ಹುಳಿ ಬಿದ್ದ ಕಾಳು ಬೇಗ ಬೇಯದು. ಒಂದು ಸೌಟು ಕಾಳನ್ನು ಹಿಸುಕಿ ಬೆರೆಸಿದರೆ ಸಾರು ಗಟ್ಟಿಯಾಗುತ್ತದೆ. ತುಪ್ಪ, ಮೊಸರು ಬೇಡ. ಹಾಲಿನ ಪದಾರ್ಥ ಒಗ್ಗದವರೂ ಉಣ್ಣಲಿ. ಮುದ್ದೆಗೂ ಚಪಾತಿಗೂ ಹೊಂದುತ್ತದೆ.

ತಪಸ್ಸುಕಾಲದ ಶುಕ್ರವಾರಗಳಿಗೂ ಇದು ತಕ್ಕ ಊಟ. ಆದರೆ ಮಾಂಸ ಬಿಟ್ಟ ಮಾತ್ರಕ್ಕೆ ತಪಸ್ಸು ಮುಗಿಯುವುದಿಲ್ಲ. ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಉಪವಾಸವನ್ನು ಹಸಿದವರೊಡನೆ ಅನ್ನ ಹಂಚುವುದಕ್ಕೆ ಜೋಡಿಸುತ್ತದೆ. ಉಳಿದ ಹಣ ಬಡವರ ಕೈ ಸೇರಲಿ.

ಕುಟುಂಬದಲ್ಲಿ ಚರ್ಚಿಸಿ: ನಮ್ಮ ಪಂಕ್ತಿಯಲ್ಲಿ ಕೂರಲು ಸಂಕೋಚಪಡುವವರು ಯಾರು? ಅವರಿಗಾಗಿ ನಾವು ಏನನ್ನು ಬದಲಿಸಬಲ್ಲೆವು?