ಗಾಳಿಯ ಲೆಕ್ಕ ತಪ್ಪಿಸಬೇಡ

ಕಂಪನಿಯ ಏರ್ ಫಿಲ್ಟರ್ ಡಬ್ಬ ಕಿತ್ತು ಕೋನ್ ಫಿಲ್ಟರ್ ಹಾಕಿಸ್ತೀಯಂತೆ, ಗಾಳಿ ಪೈಪನ್ನೂ ದಪ್ಪದ್ದು ತರಿಸ್ತೀಯಂತೆ. ನಿಮ್ಮಪ್ಪ ಹೇಳಿದ. ಆಸೆ ತಪ್ಪಲ್ಲ ಕಣಪ್ಪ. ಶಿರಾಡಿ ಘಾಟಿಯ ಏರಿನಲ್ಲಿ ಟ್ಯಾಂಕರ್ ಸಾಲಿನ ಹಿಂದೆ ಸಿಕ್ಕಿಕೊಂಡ ಯಾರಿಗಾದರೂ ಇನ್ನೊಂಚೂರು ಪಿಕಪ್ ಇದ್ದಿದ್ದರೆ ಅನ್ನಿಸುತ್ತದೆ. ಆದರೆ ಆ ಪೈಪಿನೊಳಗೆ ಕೂತಿರುವ ಪುಟ್ಟ ಸೆನ್ಸರ್ ಏನು ಮಾಡುತ್ತದೆ ಅಂತ ತಿಳಿದುಕೊಂಡು ಆಮೇಲೆ ಕೈ ಹಾಕು.

ಗ್ಯಾರೇಜಿನಲ್ಲಿ ಅದನ್ನು ಮ್ಯಾಫ್ ಸೆನ್ಸರ್ ಅನ್ನುತ್ತಾರೆ. ಒಳಗೊಂದು ತೆಳು ತಂತಿಯನ್ನೋ ಫಿಲ್ಮನ್ನೋ ಕರೆಂಟ್ ಕೊಟ್ಟು ಬಿಸಿ ಇಟ್ಟಿರುತ್ತಾರೆ. ಗಾಳಿ ಹಾಯ್ದಷ್ಟೂ ಅದು ತಣ್ಣಗಾಗುತ್ತದೆ. ಆ ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರ ಮೇಲೆ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಅಂತ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತಿಳಿದುಕೊಂಡು, ಸಾಮಾನ್ಯವಾಗಿ 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲಿನಂತೆ ಹಾಕುತ್ತದೆ. ನಮ್ಮಂಥ ಘಾಟಿ ಊರಿಗೆ ಇದು ದೊಡ್ಡ ಅನುಕೂಲ. ಮಂಗಳೂರಿನಿಂದ ಸಕಲೇಶಪುರಕ್ಕೆ 900 ಮೀಟರ್ ಮೇಲೆ ಹತ್ತಿ ಬರುವಷ್ಟರಲ್ಲಿ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಕೆಳಗೆ ಸರಿ ಮಾಡಿದ ಟ್ಯೂನಿಂಗಿನಿಂದ ಇಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತಿತ್ತು. ಈ ಸೆನ್ಸರ್ ಗಾಳಿಯ ತೂಕವನ್ನೇ ಅಳೆಯುವುದರಿಂದ ಆ ತಾಪತ್ರಯ ಇಲ್ಲ.

ಈಗ ನಿನ್ನ ದಪ್ಪ ಪೈಪಿಗೆ ಬಾ. ಸೆನ್ಸರ್ ಕೂರುವ ಜಾಗ ಮೊದಲು 60 ಮಿಲಿಮೀಟರ್ ಇತ್ತು, ನೀನು 70 ಮಾಡಿದೆ ಅನ್ನು. ಹತ್ತು ಮಿಲಿಮೀಟರ್ ತಾನೇ ಅನ್ನಬೇಡ, ಬಾಯಿಯ ವಿಸ್ತಾರ ಶೇಕಡಾ 36ರಷ್ಟು ಹೆಚ್ಚಾಯಿತು. ಅಷ್ಟೇ ಗಾಳಿ ಅಗಲವಾದ ದಾರಿಯಲ್ಲಿ ನಿಧಾನವಾಗಿ ಹೋಗುತ್ತದೆ, ತಂತಿ ಕಡಿಮೆ ತಣ್ಣಗಾಗುತ್ತದೆ. 100 ಗ್ರಾಂ ಗಾಳಿ ಹೋದರೆ ಸೆನ್ಸರ್ ಸುಮಾರು 73 ಗ್ರಾಂ ಅನ್ನುತ್ತದೆ. 6.8 ಗ್ರಾಂ ಪೆಟ್ರೋಲ್ ಬೇಕಾದಲ್ಲಿ 5 ಗ್ರಾಂ ಬೀಳುತ್ತದೆ. ಸಂಜೆ ಕಾಫಿ ಹಣ್ಣು ತೂಗುವಾಗ ತೋಟದ ರೈಟರು ತಕ್ಕಡಿಯ ಕಲ್ಲು ಬದಲಿಸಿ, ಹಳೇ ಲೆಕ್ಕದಲ್ಲೇ ಕೂಲಿ ಕೊಟ್ಟ ಹಾಗೆ.

ಸುಮ್ಮನೆ ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಸೈಲೆನ್ಸರ್ ಕಡೆ ಇರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ, ಪೆಟ್ರೋಲ್ ಸಾಲದು ಅಂತ ಹೇಳಿ ಸರಿಮಾಡಿಸುತ್ತಿರುತ್ತದೆ. ಅದು ತುಂಬುವುದಕ್ಕೂ ಒಂದು ಮಿತಿ ಇದೆ, ಮಿತಿ ಮುಟ್ಟಿದರೆ ಮೀಟರಿನಲ್ಲಿ ಇಂಜಿನ್ ದೀಪ ಹತ್ತುತ್ತದೆ. ಕಷ್ಟ ಬರುವುದು ಮಾರನಹಳ್ಳಿ ಕಡೆಯಿಂದ ಏರು ಹತ್ತುತ್ತಾ ಎಕ್ಸಿಲೇಟರ್ ಪೂರ್ತಿ ಒತ್ತಿದಾಗ. ಅಂಥ ಹೊತ್ತಿನಲ್ಲಿ ಬಹುಪಾಲು ಗಾಡಿಗಳಲ್ಲಿ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಬಿಟ್ಟು ಮ್ಯಾಫ್ ಹೇಳಿದ್ದನ್ನೇ ನಂಬುತ್ತದೆ. ಗಾಳಿ ಕಡಿಮೆ ಅಂದರೆ ಲೋಡೂ ಕಡಿಮೆ ಅಂದುಕೊಂಡು ಸ್ಪಾರ್ಕನ್ನೂ ಮುಂಚಿತವಾಗಿ ಕೊಡುತ್ತದೆ. ಪೆಟ್ರೋಲ್ ಸಾಲದು, ಕಿಡಿ ಬೇಗ, ಟರ್ಬೊ ಇದ್ದರೆ ಜೊತೆಗೆ ಅದರ ಒತ್ತಡ. ಪಿಸ್ಟನ್ ತೂತಾಗುವುದಕ್ಕೆ ಇನ್ನೇನು ಬೇಕು?

ಇನ್ನೊಂದು ಮಾತು. ಹಾಕಿಸಿದ ದಿನ ಗಾಡಿ ಚುರುಕಾದ ಹಾಗೇ ಅನ್ನಿಸುತ್ತದೆ. ಪೂರ್ತಿ ಒತ್ತಿದಾಗ ಇಂಜಿನ್ ತಂಪಾಗಿರಲಿ ಅಂತ ಕಂಪನಿಯವರು ಸ್ವಲ್ಪ ಹೆಚ್ಚೇ ಪೆಟ್ರೋಲ್ ಇಟ್ಟಿರುತ್ತಾರೆ. ಅದನ್ನು ತುಸು ಇಳಿಸಿದರೆ ಕೊಂಚ ಪವರ್ ಸಿಗುವುದು ನಿಜ, ಉಳಿದದ್ದು ಫಿಲ್ಟರಿನ ಬುಸಬುಸ ಸದ್ದು. ಆ ಮೊದಲ ದಿನದ ಖುಷಿ ನಂಬಬೇಡ.

ನಿಮ್ಮ ತೋಟದ ಡೀಸೆಲ್ ಜೀಪಿನ ಕಥೆ ಬೇರೆ. ಹಳೇ ಮೆಕ್ಯಾನಿಕಲ್ ಪಂಪಿನ ಜೀಪಿಗೆ ಈ ಸೆನ್ಸರೇ ಇಲ್ಲ. ಕಾಮನ್ ರೈಲ್ ಡೀಸೆಲ್‌ನಲ್ಲಿ ಇದ್ದರೂ ಹೆಚ್ಚಾಗಿ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ತಿರುಗಿಸುವ ಇಜಿಆರ್ ನಡೆಸುವುದಕ್ಕೆ, ಕಪ್ಪು ಹೊಗೆ ತಡೆಯುವುದಕ್ಕೆ. ಅಲ್ಲಿ ಸೆನ್ಸರ್ ಕಡಿಮೆ ಹೇಳಿದರೆ ಗಾಡಿ ಎಳೆಯುವುದಿಲ್ಲ, ಹೆಚ್ಚು ಹೇಳಿದರೆ ಹೊಗೆ ಕಾರುತ್ತದೆ. ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಬದಲು ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಇರುತ್ತದೆ. ನಿನ್ನ ಗಾಡಿಯಲ್ಲಿ ಯಾವುದಿದೆ, ಮೊದಲು ಅದನ್ನು ನೋಡು.

ನಮ್ಮ ಕಡೆಯ ಬೇಸಿಗೆ ಧೂಳು ನಿನಗೇ ಗೊತ್ತು. ಆಲೂರಿನ ಶುಂಠಿ ಹೊಲದ ದಾರಿಯಲ್ಲಿ ಒಂದು ಸಲ ಹೋಗಿ ಬಂದರೆ ಬಾನೆಟ್ ಕೆಂಪಾಗುತ್ತದೆ. ಆ ಧೂಳಿಗೆ ಹೆದರಿ ತೊಳೆಯುವ ಫಿಲ್ಟರಿಗೆ ಎಣ್ಣೆ ಸುರಿದರೆ, ಹೆಚ್ಚಾದ ಎಣ್ಣೆ ಹಾರಿಹೋಗಿ ಬಿಸಿ ತಂತಿಗೆ ಅಂಟುತ್ತದೆ. ಧೂಳು ಮೆತ್ತಿದ ತಂತಿಯೂ ಗಾಳಿ ಕಡಿಮೆ ಅಂತಲೇ ಹೇಳುತ್ತದೆ. ತಂತಿಯನ್ನು ಬೆರಳಿನಿಂದ, ಬಟ್ಟೆಯಿಂದ ಒರೆಸಬೇಡ, ಮ್ಯಾಫ್ ಕ್ಲೀನರ್ ಸ್ಪ್ರೇ ಹೊಡೆದು ಪೂರ್ತಿ ಒಣಗಲು ಬಿಡು. ಬಾನೆಟ್ ಒಳಗೆ ಬತ್ತಲೆ ಕೂತ ಕೋನ್ ಫಿಲ್ಟರ್ ಇಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರನ್ನೂ ಎಳೆದೀತು.

ಸೆನ್ಸರಿನ ಪೈಪ್ ದಪ್ಪದ್ದು ಹಾಕುವುದಕ್ಕೆ ನ್ಯಾಯವಾದ ಕಾರಣವೂ ಇದೆ. ಟರ್ಬೊ ದೊಡ್ಡದು ಮಾಡಿ ಗಾಳಿ ಸೆನ್ಸರಿನ ಅಳತೆ ಮೀರಿದಾಗ ಅದು ಬೇಕಾಗುತ್ತದೆ. ಆದರೆ ಅದನ್ನು ಹಾಕುವವನು ಗಾಡಿಯನ್ನು ಪವರ್ ಅಳೆಯುವ ಡೈನೊ ಮೇಲೆ ನಿಲ್ಲಿಸಿ, ಗಾಳಿಯ ಹೊಸ ಲೆಕ್ಕವನ್ನು ಇಸಿಯುಗೆ ಬರೆದು, ಪೂರ್ತಿ ಒತ್ತಿದಾಗ ಮಿಶ್ರಣ ಎಷ್ಟಿದೆ ಅಂತ ನಿನಗೆ ಅಂಕಿ ತೋರಿಸಬೇಕು. ತೋರಿಸದವನ ಕೈಗೆ ಗಾಡಿ ಕೊಡಬೇಡ. ಕಾನೂನೂ ಒಮ್ಮೆ ನೋಡು: ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸಿದರೆ 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು.

ಸದ್ಯಕ್ಕೆ ಹೊಸ ಕಂಪನಿ ಫಿಲ್ಟರ್ ಹಾಕಿಸು, ಸೆನ್ಸರ್ ತೊಳೆಸು, ಸ್ಕ್ಯಾನರ್ ಇಟ್ಟು ಫ್ಯುಯೆಲ್ ಟ್ರಿಮ್, ಅಂದರೆ ಆಕ್ಸಿಜನ್ ಸೆನ್ಸರ್ ಎಷ್ಟು ಪೆಟ್ರೋಲ್ ಸರಿಮಾಡಿಸುತ್ತಿದೆ ಅನ್ನುವುದನ್ನು ನೋಡಿಸು. ಅದು ಶೇಕಡಾ ಹತ್ತು ದಾಟಿದ್ದರೆ ಫೋನ್ ಮಾಡು, ಪೈಪಿನಲ್ಲಿ ಗಾಳಿ ಎಲ್ಲಿ ಸೋರುತ್ತಿದೆ ಅಂತ ಇಬ್ಬರೂ ಕೂತು ಹುಡುಕೋಣ.