ಹಾಡು ಮೊದಲೋ, ಕುಣಿತ ಮೊದಲೋ?

ಪ್ರಶ್ನೆ: ಮದುವೆ ಮೆರವಣಿಗೆಯಲ್ಲಿ ‘ಝಿಂಗಾಟ್’ ಹಚ್ಚಿದರೆ ಸಾಕು, ನಮ್ಮಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಕುಣಿಯಲು ಇಳಿಯುತ್ತಾರೆ. ಒಂದು ಹಾಡು ಹೀಗೆ ಹೊಸ ಕುಣಿತವನ್ನೇ ಹುಟ್ಟಿಸಬಲ್ಲದೆ?
– ಓದುಗರು, ಹಿರೋಳ್ಳಿ, ಆಳಂದ ತಾಲ್ಲೂಕು

ಉತ್ತರ: ಹುಟ್ಟಿಸಬಲ್ಲದು. ಆದರೆ ಅದಕ್ಕೆ ‘ಝಿಂಗಾಟ್’ ಉದಾಹರಣೆಯಾಗಲಾರದು ಅಂತಲೇ ನನ್ನ ವಾದ.

2016ರ ಏಪ್ರಿಲ್‌ನಲ್ಲಿ ಬಂದ ಮರಾಠಿಯ ‘ಸೈರಾಟ್’ ಚಿತ್ರದ ಹಾಡದು. ಸಂಗೀತ ಅಜಯ್–ಅತುಲ್ ಸಹೋದರರದು; ಹಾಡಿದವರೂ ಅವರೇ. ನಿರ್ದೇಶಕ ನಾಗರಾಜ ಮಂಜುಳೆ ನಿಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯವರು. ಟಾಕೀಸುಗಳಲ್ಲಿ ಜನ ಕುರ್ಚಿ ಬಿಟ್ಟೆದ್ದು ಪರದೆಯ ಮುಂದೆ ಕುಣಿದರು. ಮರುವರ್ಷ ಎಸ್. ನಾರಾಯಣ್ ಅವರ ‘ಮನಸು ಮಲ್ಲಿಗೆ’ಯಲ್ಲಿ ಅದೇ ಧಾಟಿ ಕನ್ನಡಕ್ಕೂ, 2018ರಲ್ಲಿ ‘ಧಡಕ್’ನಲ್ಲಿ ಹಿಂದಿಗೂ ಬಂತು.

ಮುಂದಿನ ಮೆರವಣಿಗೆಯಲ್ಲಿ ಕುಣಿಯುವವರ ಕಾಲು ನೋಡಿ. ಯಾರಿಗೂ ಯಾರೂ ಹೆಜ್ಜೆ ಕಲಿಸಿಲ್ಲ. ಕೈ ಮೇಲೆತ್ತಿ ಜಿಗಿಯುವ ಆ ಕುಣಿತ ಹಲಗಿಯ ಮುಂದೆ ನಿಮ್ಮ ಹಿರಿಯರೂ ಕುಣಿದದ್ದೇ. ಹಲಗಿಯನ್ನು ಬೆಂಕಿಗೆ ಕಾಸಿ ಬಿಗಿ ಮಾಡಿ ಬಾರಿಸುತ್ತಿದ್ದವರ ಜಾಗದಲ್ಲಿ ಈಗ ಡಿಜೆ ಗಾಡಿ ನಿಂತಿದೆ, ಅಷ್ಟೆ. (ಕಿವಿಯ ದೃಷ್ಟಿಯಿಂದ ಹಲಗಿಯೇ ವಾಸಿ.)

ಹೆಜ್ಜೆ ಸಮೇತ ಹಬ್ಬಿದ ಹಾಡುಗಳ ಕಥೆ ಬೇರೆ. 1960ರಲ್ಲಿ ಅಮೆರಿಕದ ಚಬ್ಬಿ ಚೆಕರ್ ‘ದಿ ಟ್ವಿಸ್ಟ್’ ಹಾಡಿದ. ಎರಡೂ ಕಾಲಿನಿಂದ ಸಿಗರೇಟಿನ ತುಂಡು ಹೊಸಕುತ್ತ, ಟವೆಲಿನಿಂದ ಬೆನ್ನು ಒರೆಸಿಕೊಂಡ ಹಾಗೆ ಸೊಂಟ ತಿರುವಬೇಕು, ಇಷ್ಟೇ ಪಾಠ. ಟಿ.ವಿ.ಯಲ್ಲಿ ಒಮ್ಮೆ ನೋಡಿದವರಿಗೆಲ್ಲ ಬಂತು. ಮೂಲದಲ್ಲಿ ಆ ಹಾಡು ಹ್ಯಾಂಕ್ ಬಲ್ಲಾರ್ಡ್‌ನದು. 1959ರಲ್ಲೇ ಅವನ ರೆಕಾರ್ಡು ಬಂದಿತ್ತು, ಅದೂ ತಟ್ಟೆಯ ಹಿಂಬದಿಯಲ್ಲಿ. ಹೆಸರು ಮಾತ್ರ ಚೆಕರ್‌ಗೆ ಹೋಯಿತು.

‘ಸೋಲ್’ ಎಂದು ಕರೆಯುವ ಕಪ್ಪು ಜನರ ಸಂಗೀತದಲ್ಲಿ ನನಗೆ ಹೆಚ್ಚು ಇಷ್ಟ 1968ರ ‘ಟೈಟನ್ ಅಪ್’. ಹೂಸ್ಟನ್ನಿನ ಆರ್ಚಿ ಬೆಲ್‌ಗೆ ಸೇನೆಗೆ ಸೇರಲೇಬೇಕೆಂಬ ಕರೆ ಬಂದಿತ್ತು. ಮಂಕಾಗಿ ಕೂತವನನ್ನು ನಗಿಸಲು ಗೆಳೆಯನೊಬ್ಬ ಒಂದು ಕುಣಿತ ಕುಣಿದ. ಅದರ ಹೆಸರೇನೆಂದು ಬೆಲ್ ಕೇಳಿದ, ಆ ಹೆಸರಿನ ಮೇಲೆ ಹಾಡು ಕಟ್ಟಿದ. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿದಾಗ ಬೆಲ್ ಜರ್ಮನಿಯ ಸೇನಾ ಆಸ್ಪತ್ರೆಯಲ್ಲಿ ಕಾಲಿಗೆ ಪೆಟ್ಟಾಗಿ ಮಲಗಿದ್ದ. ಇಲ್ಲಿ ಕುಣಿತ ಮೊದಲು, ಹಾಡು ಆಮೇಲೆ. ಊರೂರಿಗೆ ಅದನ್ನು ಹೊತ್ತೊಯ್ದದ್ದು ಹಾಡು.

ಕನ್ನಡದಲ್ಲಿ ಹೀಗೆ ಹೆಜ್ಜೆ ಸಮೇತ ಹಬ್ಬಿದ್ದು 2018ರ ‘ರ‍್ಯಾಂಬೊ 2’ ಚಿತ್ರದ ‘ಚುಟು ಚುಟು’. ಶಿವು ಬೆರ್ಗಿ ಬರೆದ ಉತ್ತರ ಕರ್ನಾಟಕದ ಮಾತು, ಅರ್ಜುನ್ ಜನ್ಯ ಸಂಗೀತ, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಕಂಠ. ಯೂಟ್ಯೂಬಿನಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿದ ಆ ಹಾಡಿಗೆ ಶಾಲಾ ವಾರ್ಷಿಕೋತ್ಸವದ ಮಕ್ಕಳು ಶರಣ್, ಆಶಿಕಾ ರಂಗನಾಥ್ ಹಾಕಿದ ಹೆಜ್ಜೆಯನ್ನೇ ಹಾಕಿದರು. ನಿಮ್ಮ ಪ್ರಶ್ನೆಗೆ ‘ಹೌದು’ ಎಂದು ನಾನು ಬೆರಳು ತೋರಿಸುವುದು ಆ ಹಾಡಿನ ಕಡೆಗೆ.